ಬಾಚ್‌ನಲ್ಲಿ ನೀರು ತುಂಬುವ ಹಬ್ಬ

ಆ ವರ್ಷದ ದೀಪಾವಳಿಯನ್ನು ಎಲ್ಲಿ ಮಾಡಬೇಕು ಎಂಬ ವಿಷಯದಲ್ಲಿ ನನಗಿಂತ ತಿಳಿದವರು ಇಡೀ ಆಕ್ಲೆಂಡಿನಲ್ಲಿ ಯಾರೂ ಇರಲಿಲ್ಲ. ಹಾಗಂತ ನಾನೇ ತೀರ್ಮಾನ ಮಾಡಿದ್ದೆ!

ಧಾರವಾಡದಿಂದ ಅತ್ತೆ ಮಾವ ಮೊದಲ ಸಲ ಅಲ್ಲಿನ ಹಿಲ್ಸ್‌ಬರೋ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಮಾವನವರು ಬಹಳ ಒಳ್ಳೆಯವರು. ಅವರಲ್ಲಿರುವ ದೋಷ ಒಂದೇ, ಅವರಿಗೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಅಳಿಯ ಇದ್ದಾನೆ. ದೊಡ್ಡ ಅಳಿಯ. ನಾನು ಚಹಾ ಮಾಡಿಕೊಟ್ಟರೆ "ದೊಡ್ಡ ಅಳಿಯಂದ್ರು ಶುಂಠಿ ಹಾಕ್ತಾರ" ಎನ್ನುವರು. ಕಾರು ಓಡಿಸಿದರೆ "ದೊಡ್ಡವ್ರು ಬ್ರೇಕ್ ಹಾಕಿದ್ದ ಗೊತ್ತಾಗೂದಿಲ್ಲ" ಎನ್ನುವರು. ನೋಡಿ, ನನಗೆ ಆಸ್ತಿ ಬೇಕಿರಲಿಲ್ಲ, ಉಡುಗೊರೆ ಬೇಕಿರಲಿಲ್ಲ. ಅವರು ಹುಬ್ಬಳ್ಳಿಗೆ ಫೋನ್ ಮಾಡಿ, ಆ ಮಹಾನುಭಾವನ ಕಿವಿಯಲ್ಲೇ "ಸಣ್ಣ ಅಳಿಯಾನೂ ಕಮ್ಮಿ ಇಲ್ಲ" ಎಂದು ಒಂದು ಮಾತು ಹೇಳಬೇಕಿತ್ತು. ಅಷ್ಟೇ.

ಅದಕ್ಕಾಗಿ ಆಕ್ಲೆಂಡಿನಾಚೆ ವಾಯ್ಕಾಟೊ ಎಂಬ ಹಳ್ಳಿಗಾಡಿನ ಕಡೆ ಒಂದು ಬಾಚ್ ಹಿಡಿದೆ. ಬಾಚ್ ಎಂದರೆ ಇಲ್ಲಿನವರು ರಜೆ ಕಳೆಯಲು ಊರಾಚೆ ಇಟ್ಟುಕೊಳ್ಳುವ ಪುಟ್ಟ ಮನೆ. ತಾವಿಲ್ಲದಾಗ ಬಾಡಿಗೆಗೆ ಕೊಡುತ್ತಾರೆ. ಸೆಲ್ಫ್ ಕೇಟರಿಂಗ್ ಅನ್ನುತ್ತಾರೆ. ಅಂದರೆ ದುಡ್ಡು ಕೊಟ್ಟು ಇನ್ನೊಬ್ಬರ ಮನೆಗೆ ಹೋಗಿ, ನಾವೇ ಬೇಯಿಸಿ, ನಾವೇ ಪಾತ್ರೆ ತಿಕ್ಕಿ, ನಾವೇ ಕಸ ಹೊಡೆದು, ಕೊನೆಗೆ ಥ್ಯಾಂಕ್ಸನ್ನೂ ನಾವೇ ಹೇಳಿ ಬರುವುದು. ಇದಕ್ಕೆ ಹಾಲಿಡೇ ಎಂದು ಹೆಸರಿಟ್ಟವನು ಕೈಗೆ ಸಿಕ್ಕರೆ ಅವನ ಜೊತೆ ನನಗೆ ಸ್ವಲ್ಪ ಮಾತಾಡುವುದಿದೆ.

ಕೀಲಿ ಕೊಡಲು ಬಂದ ಮಾಲಕಿ ಅಜ್ಜಿ, ಮನೆಯ ಹಿಂದಿದ್ದ ಹಸಿರು ಟ್ಯಾಂಕನ್ನು ತಟ್ಟಿ ತಟ್ಟಿ ಏನೋ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಗುಡ್ಡ, ಹುಲ್ಲು, ಬೇಲಿಯಾಚೆಯ ಆಕಳು ಎಲ್ಲ ನೋಡಿ ಮಾವನವರು ಮೆಚ್ಚಿದರೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. "ಯೆಸ್ ಯೆಸ್, ನೋ ವರೀಸ್" ಎಂದು ಅಜ್ಜಿಯನ್ನು ಸಾಗಹಾಕಿದೆ. ಈ ದೇಶಕ್ಕೆ ಬಂದು ನಾನು ಚೆನ್ನಾಗಿ ಕಲಿತದ್ದು ಅದೊಂದೇ ಮಾತು.

ಅಂದು ಸಂಜೆ ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಹಂಡೆ ಬೆಳಗಿ, ನೀರು ತುಂಬಿ, ಪೂಜೆ ಮಾಡಬೇಕು. ಅತ್ತೆ ಮನೆಯೆಲ್ಲ ಹುಡುಕಿ ಬಂದರು.

"ಹಂಡೇನ ಇಲ್ಲಲ್ಲವಾ ವಿದ್ಯಾ! ಎಂಥಾ ಮನಿ ಇದು?"

ನನ್ನ ಹೆಂಡತಿ ವಿದ್ಯಾ ಬಾಯಿ ತೆರೆಯುವ ಮೊದಲೇ ನಾನು ಎದೆ ಉಬ್ಬಿಸಿದೆ. "ಅತ್ತೀ, ಹಂಡೆ ಯಾಕ? ಬಾತ್‌ಟಬ್ ಅದ! ಹತ್ತು ಹಂಡೆಗೆ ಸಮ ಅದು!"

ನಾನು ಆ ಟಬ್ಬನ್ನು ನಲ್ಲಿ ಬಿಟ್ಟುಕೊಂಡೇ ತಿಕ್ಕಿದೆ. ಒಂದು ಸಲ ತೊಳೆದದ್ದು ಮಡಿಗೆ ಸಾಲದೆಂದು ಮತ್ತೆ ತೊಳೆದೆ. ಆಮೇಲೆ ಅಂಚಿನ ತನಕ ತುಂಬಿಸಿದೆ. ಅತ್ತೆ ಅದಕ್ಕೆ ಸುಣ್ಣ ಕೆಮ್ಮಣ್ಣಿನ ಬದಲು ಅರಿಸಿನ ಕುಂಕುಮ ಹಚ್ಚಿದರು. ಬೇಲಿಯಿಂದ ಯಾವುದೋ ಬಳ್ಳಿ ಕಿತ್ತು ತಂದು ಕಟ್ಟಿದರು. ಆರತಿ ಆಯಿತು. ಬಾತ್‌ಟಬ್ಬಿಗೆ! ಹೊರಗೆ ರಂಗೋಲಿಗೆ ಜಾಗ ಚೊಕ್ಕಟವಿರಲಿ ಎಂದು ಪೈಪು ಹಿಡಿದು ಇಡೀ ಜಗುಲಿ ತೊಳೆದೆ. ಕೈ ನೀರಿನಲ್ಲಿದ್ದಾಗಲೇ ಕಾರನ್ನೂ ತೊಳೆದುಬಿಟ್ಟೆ. ಮಾವನವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ನೀರು ಭಾಳ ಅದ ನಿಮ್ಮ ದೇಶದಾಗ" ಎಂದರು.

ಮೆಚ್ಚುಗೆ! ಶುರುವಾಯಿತು ಎಂದುಕೊಂಡೆ.

ಬೆಳಿಗ್ಗೆ ಬೇಗ ಎದ್ದು ಮಣೆಯ ಮೇಲೆ ಕೂತೆ. ಅತ್ತೆ ನನ್ನ ನೆತ್ತಿಗೆ ಎಣ್ಣೆ ಹಾಕಿ ಹಾಡು ಹೇಳಿದರು. ಉಳಿದ ಎಣ್ಣೆಯನ್ನು ವಿದ್ಯಾ ಕೈ ಕಾಲು ಬೆನ್ನಿಗೆಲ್ಲ, ಹಳೇ ಸೇಡು ತೀರಿಸಿಕೊಳ್ಳುವ ಹುರುಪಿನಲ್ಲಿ ಬಳಿದಳು. "ಸೂರ್ಯ ಹುಟ್ಟೂದರಾಗ ಸ್ನಾನ ಆಗಬೇಕ್ರಿ ಅಳಿಯಂದ್ರ" ಎಂದು ಮಾವನವರು ಎಚ್ಚರಿಸಿದರು.

ಬಚ್ಚಲಿಗೆ ಹೋದೆ. ಟಬ್ಬಿನ ನೀರಿಗೆ ಬೆರಳಿಟ್ಟೆ. ಕೊರೆಯುವ ತಣ್ಣೀರು! ಸಿಟ್ಟು ಬಂತು. ಗೋಡೆಯಲ್ಲಿ ಬಿಸಿನೀರಿನ ಶವರ್ ಇರುವಾಗ ಈ ಮಂಜುನೀರಿನಲ್ಲಿ ನಾನ್ಯಾಕೆ ಮೀಯಬೇಕು? ಆದರೆ ಆ ಶವರನ್ನು ಯಾವನೋ ಪುಣ್ಯಾತ್ಮ ಟಬ್ಬಿನ ನೆತ್ತಿಗೇ ಜೋಡಿಸಿದ್ದ. ನಿಲ್ಲಬೇಕಾದರೆ ಟಬ್ ಖಾಲಿಯಾಗಬೇಕು. ಪೂಜೆ ಹೇಗೂ ಆಗಿದೆಯಲ್ಲ ಎಂದು ಕೈ ಹಾಕಿ ಬಿರಡೆ ಎಳೆದೆ. ಅರಿಸಿನ, ಕುಂಕುಮ, ಹೂವು ಸಮೇತ ನೀರೆಲ್ಲ ಗೊಳಗೊಳ ಎಂದು ಇಳಿದುಹೋಯಿತು.

ಶವರ್ ತಿರುಗಿಸಿದೆ. ಅದು ಕೆಮ್ಮಿತು. ನಾಲ್ಕು ಹನಿ ಉಗುಳಿತು. ಸುಮ್ಮನಾಯಿತು. ಹೊರಗೆ ಪಂಪು ಮಾತ್ರ ಕಟುಕನ ಕೈಗೆ ಸಿಕ್ಕ ಕುರಿಯಂತೆ ಒದರತೊಡಗಿತು.

"ವಿದ್ಯಾ! ನೀರು ಬರವಲ್ದು!"

"ಟಬ್ಬಿನಾಗ ಅದಾವಲ್ರೀ."

"ಬಿಟ್ಟೆ."

ಬಾಗಿಲಾಚೆ ಅವಳು ಹಣೆ ಬಡಿದುಕೊಂಡ ಸದ್ದು ಕೇಳಿತು. ಆಮೇಲೆ ಮಾತು ಬಂತು. "ಆ ಅಜ್ಜಿ ನಿನ್ನೆ ಏನಂದ್ಲು? ಇಲ್ಲಿ ಊರ ನಲ್ಲಿ ಇಲ್ಲ, ಮಾಡಿನ ಮಳಿನೀರಷ್ಟ, ಟ್ಯಾಂಕ್ ಅರ್ಧ ಸೈತ ಇಲ್ಲ, ಹಗೂರ ಬಳಸ್ರಿ ಅಂದ್ಲಲ್ಲಾ! ನೀವು ಯೆಸ್ ಯೆಸ್ ಅಂದ್ರಿ. ನಿಮಗ ಗೊತ್ತದ ಅಂತ ನಾ ತಿಳಕೊಂಡೆ!"

"ಹಂಗಾರ ನಾ ಕಾರ್ ತೊಳಿಯೂ ಮುಂದ ಯಾಕ ಬಾಯಿ ಮುಚ್ಚಿಕೊಂಡಿದ್ದಿ?"

"ಹೇಳಿದ್ರ ಕೇಳ್ತಿದ್ರೇನು?"

ಅವಳು ಹೇಳಿದ್ದು ನಿಜವಾಗಿತ್ತು. ಆದ್ದರಿಂದ ಇನ್ನಷ್ಟು ಸಿಟ್ಟು ಬಂತು. ಅಡುಗೆಮನೆಯಲ್ಲಿ ಎರಡು ಪಾತ್ರೆ ನೀರಿತ್ತು. ಅತ್ತೆ ಅದಕ್ಕೆ ಅಡ್ಡ ನಿಂತರು. "ಇದರಾಗ ಅಡಗಿ ಆಗಬೇಕು, ನಿಮ್ಮ ಮಗಳ ಸ್ನಾನ ಆಗಬೇಕು. ನಿಮ್ಮ ಎಣ್ಣಿಗೆ ಇದು ಸಾಲೂದಿಲ್ಲ." ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿದೆ. ಲಾಂಗ್ ವೀಕೆಂಡ್, ಮಂಗಳವಾರ ಬರುತ್ತೇನೆ ಎಂದ. ಅವನ ಮೇಲೂ ಕೂಗಾಡಿದೆ. ಅಷ್ಟರಲ್ಲಿ ಕಣ್ಣಿಗೆ ಎಣ್ಣೆ ಇಳಿಯಿತು. ಆ ಅಜ್ಜಿಯ ಮೇಲೆ, ಪಂಪಿನ ಮೇಲೆ, ಮಳೆ ಸುರಿಸದ ಮೋಡದ ಮೇಲೆ, ಕೊನೆಗೆ ನರಕಾಸುರನ ಮೇಲೂ ಸಿಟ್ಟು ಬಂತು. ಸಾಯುವವನು ಮಧ್ಯಾಹ್ನ ಸತ್ತಿದ್ದರೆ ಏನಾಗುತ್ತಿತ್ತು?

ಮಾವನವರು ಪೂರ್ವಕ್ಕೆ ನೋಡಿದರು. "ಕೆಂಪಾಗ್ಲಿಕ್ಕತ್ತದ್ರಿ" ಎಂದರು.

ಟವೆಲ್ ಸುತ್ತಿಕೊಂಡು, ಬರಿಮೈಯಲ್ಲಿ, ಕಾಲ್ಜೋಡು ಜಾರಿ ಜಾರಿ ಬೀಳುತ್ತ, ಬೇಲಿಯಾಚೆಯ ಹಾಲು ಕರೆಯುವ ಶೆಡ್ಡಿಗೆ ಓಡಿದೆ. ಹಿಂದೆ ನನ್ನ ಇಡೀ ಸಂಸಾರ. ಗ್ರೆಗ್ ಎಂಬ ರೈತ ಗಮ್‌ಬೂಟು ಹಾಕಿಕೊಂಡು ಅಂಗಳದ ಸೆಗಣಿ ತೊಳೆಯುತ್ತಿದ್ದ. ನಾನು ನರಕ ಚತುರ್ದಶಿಯ ಮಹತ್ವವನ್ನು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಅವನು ಪೂರ್ತಿ ಕೇಳಲಿಲ್ಲ. "ನೋ ವರೀಸ್, ಮೇಟ್" ಎಂದವನೇ ಆ ದೊಡ್ಡ ಪೈಪನ್ನು ನನ್ನ ಕಡೆ ತಿರುಗಿಸಿದ!

ಅದು ನೀರಲ್ಲ ಸ್ವಾಮಿ, ಏಟು. ನಾನು ಹಿಂದೆ ಹಿಂದೆ ಸರಿದು ಕಬ್ಬಿಣದ ಕಟಕಟೆಗೆ ಅಂಟಿಕೊಂಡೆ. ಒಂದು ಕೈ ಟವೆಲ್ಲಿಗೆ, ಒಂದು ಕೈ ಕಟಕಟೆಗೆ. ಎಡಕ್ಕೂ ಬಲಕ್ಕೂ ಹಾಲು ಕರೆಸಿಕೊಳ್ಳಲು ಸಾಲು ನಿಂತ ಆಕಳುಗಳು. ಮೈಮೇಲಿನ ಎಣ್ಣೆ ಒಂದು ಚೂರೂ ಹೋಗಲಿಲ್ಲ. ನೀರು ಅದರ ಮೇಲೆ ಜಾರಿ ಪಕ್ಕದ ಆಕಳಿಗೆ ಸ್ನಾನವಾಯಿತು. ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಮುಂದೆ ಬಂದರು. ಸ್ನಾನದ ನಡುವೆ ಆರತಿ ಆಗಲೇಬೇಕಂತೆ. ಗ್ರೆಗ್ ಪೈಪು ಬಗ್ಗಿಸಿ, ಟೋಪಿ ತೆಗೆದು ಭಕ್ತಿಯಿಂದ ನಿಂತ. ಮಗಳು ಇಂಚರಾ ಅಮ್ಮನ ಫೋನ್ ಎತ್ತಿ ಹಿಡಿದಿದ್ದಳು.

"ಸ್ಮೈಲ್, ಡ್ಯಾಡ್!"

"ಅದನ್ನ ಕೆಳಗ ಇಡತೀಯೋ ಇಲ್ಲೋ!" ಎಂದು ಅರಚಿದೆ. ನನ್ನ ದನಿಗೆ ಒಂದು ಆಕಳು ದನಿಗೂಡಿಸಿತು.

ಮಧ್ಯಾಹ್ನದ ತನಕ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಊಟವಾದ ಮೇಲೆ, ಊರಲ್ಲಿ ಈಗ ಬೆಳಗಾಗಿರುತ್ತದೆ ಎಂದು ಮಾವನವರು ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಸ್ಪೀಕರ್ ಆನ್. ನಾನು ಬಾಗಿಲ ಹಿಂದೆ ನಿಂತೆ. ಮುಗಿಯಿತು, ಇನ್ನು ಏಳು ಜನ್ಮಕ್ಕೂ ನಾನು ಸಣ್ಣ ಅಳಿಯನೇ ಎಂದುಕೊಂಡೆ.

"ಹಬ್ಬ ಭಾಳ ಛಲೋ ಆತ್ರಿ" ಎಂದರು ಮಾವನವರು. "ಬಿಸಿ ಬಿಸಿ ನೀರು! ಸಣ್ಣ ಅಳಿಯಂದ್ರು ಭಾರಿ ವ್ಯವಸ್ಥಾ ಮಾಡಿದ್ರು. ಯಾವುದಕ್ಕೂ ಕಮ್ಮಿ ಬೀಳ್ಲಿಲ್ಲ ನೋಡ್ರಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆ ಹಿರಿಯ ಜೀವ ನನ್ನ ಮಾನಕ್ಕಾಗಿ, ಹಬ್ಬದ ದಿನ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಸುಳ್ಳು ಹೇಳುತ್ತಿತ್ತು. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಎನಿಸಿತು.

ಅತ್ತ ಕಡೆಯಿಂದ ದೊಡ್ಡ ಅಳಿಯನ ದನಿ ಬಂತು. ಹಿಂದೆ ಒಂದು ಮನೆತುಂಬ ನಗುವೂ ಕೇಳುತ್ತಿತ್ತು.

"ಮಾವಾರ, ಇಂಚರಾ ಆಗಲೇ ವಿಡಿಯೋ ಕಳಿಸ್ಯಾಳ. ಎಲ್ಲಾರೂ ಕೂತು ನೋಡಿದ್ವಿ. ಆದ್ರ ಒಂದು ಗೊತ್ತಾಗ್ಲಿಲ್ಲ, ಆ ಸಾಲಿನ್ಯಾಗ ನಮ್ಮ ಸಡ್ಡಕ ಯಾವಾಂವ?"

ಮಾವನವರು ತಡವರಿಸಲಿಲ್ಲ.

"ಎಣ್ಣಿ ಹಚ್ಚಿಕೊಂಡು ನಿಂತಾನಲ್ಲ, ಅವನ ನಮ್ಮಾಂವ."

ಅಷ್ಟೊಂದು ಆಕಳ ನಡುವೆ ನನ್ನ ಗುರುತು ಹಿಡಿದರಲ್ಲ, ಸಾಕು!