ಕುರ್ಚಿಗಾಗಿ ಕಡ್ಡಿ ಮತ್ತು ಗುಂಡ

ದಿನವಿಡೀ ಬಸ್ಸಿನಲ್ಲಿ ನಿಂತವನಿಗೆ ಮನೆಯಲ್ಲಾದರೂ ಕೂರಲು ಜಾಗ ಬೇಡವೇ? ಕಂಡಕ್ಟರನ ಸಂಕಟ ಇಷ್ಟೇ. ಮನೆಯಲ್ಲಿದ್ದದ್ದು ಒಂದೇ ಆರಾಮಕುರ್ಚಿ, ಅದರಲ್ಲಿ ಮಾವ. (ನಿವೃತ್ತ ಡ್ರಿಲ್ ಮೇಷ್ಟ್ರು. ಊರ ಮಕ್ಕಳನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿದವರು ಈಗ ತಾವು ಏಳುವುದೇ ಇಲ್ಲ.) ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದವರು, ಟಿವಿಯಲ್ಲಿ ಬೇಸ್‌ಬಾಲ್ ಟೂರ್ನಮೆಂಟ್ ಶುರುವಾದದ್ದೇ ತಡ, ಅಲ್ಲೇ ಬೇರು ಬಿಟ್ಟಿದ್ದರು.

ಕೊನೆಗೆ ಮಾವ ಅಳಿಯ ಪಂದ್ಯ ಕಟ್ಟಿದರು. ಮಾವನ ಆರಾಧ್ಯದೈವ ಗುಂಡ, ಅಳಿಯನದು ಕಡ್ಡಿ. ಈ ಅಡ್ಡಹೆಸರಿನ ಇಬ್ಬರೂ ಆಟ ಬಿಟ್ಟು ವರ್ಷಗಳಾದ ಬೇಸ್‌ಬಾಲ್ ಬ್ಯಾಟುಗಾರರು. ಇಡೀ ವೃತ್ತಿಜೀವನದ ದಾಖಲೆಯಲ್ಲಿ ಯಾರು ಮೇಲೋ ಅವನ ಅಭಿಮಾನಿಗೆ ಕುರ್ಚಿ. ನ್ಯಾಯಪೀಠಕ್ಕೆ ಕಂಡಕ್ಟರನ ಹೆಂಡತಿ.

"ನಮ್ಮ ಗುಂಡ ಮೈದಾನದಾಚೆ ಬಾರಿಸಿದ ಹೋಮ್ ರನ್ನಲ್ಲಿ ಅರ್ಧಾನೂ ನಿಮ್ಮ ಕಡ್ಡಿ ಹೊಡೆದಿಲ್ಲ, ಅಳಿಯಂದಿರೇ!"

"ಸರಾಸರಿ ನೋಡಿ ಮಾವ. ಕಡ್ಡಿ ಹತ್ತಕ್ಕೆ ಮೂರು ಸಲ ಹೊಡೀತಿದ್ದ."

"ಹತ್ತಕ್ಕೆ ಮೂರಾ?" ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ಕೇಳಿದಳು. "ಏಳು ಸಲ ತಪ್ಪಿದ್ರೂ ಮಹಾಪುರುಷಾನಾ? ನಾನು ಏಳು ಸಲ ಅಡುಗೆ ಸೀಯಿಸಿದ್ರೆ ಸುಮ್ನಿರ್ತೀರಾ?"

ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲು ಸೋತಿದ್ದ ಕಂಡಕ್ಟರ್ ಗೋಡೆಗೆ ಒರಗಿ, ತನ್ನ ಬ್ರಹ್ಮಾಸ್ತ್ರ ತೆಗೆದ.

"ಕಡ್ಡಿ ದೊಡ್ಡ ಮನಸ್ಸಿನೋನು. ಜೊತೆಯೋನು ಮುಂದೆ ಓಡ್ಲಿ ಅಂತ ಚೆಂಡನ್ನ ಮೆತ್ತಗೆ ತಟ್ಟಿ, ಬೇಕಂತಲೇ ತಾನು ಔಟಾಗ್ತಿದ್ದ. ತ್ಯಾಗ ಅಂತಾರೆ ಅದಕ್ಕೆ!"

"ಸರಾಸರೀಲಿ ಅದು ಬರುತ್ತಾ?" ಹೆಂಡತಿ ಕೇಳಿದಳು.

"ಇಲ್ಲ. ಅದನ್ನ ಲೆಕ್ಕಕ್ಕೇ ಹಿಡಿಯಲ್ಲ."

"ಓಡಿ ಗುರಿ ಮುಟ್ಟಿದೋನಿಗೆ?"

"ಅವನಿಗೆ ಚಪ್ಪಾಳೆ."

ಹೆಂಡತಿ ಗಂಡನ ಹತ್ತಿರ ಬಂದಳು. ಸೌಟನ್ನು ಅವನ ಕೈಗಿಟ್ಟಳು.

"ಕಡ್ಡೀನೇ ಗೆದ್ದ. ಅಪ್ಪಾ, ಏಳಿ."

ಮೇಷ್ಟ್ರು ಯಾರೋ ಸೀಟಿ ಊದಿದಂತೆ ಎದ್ದು ನಿಂತರು. ಕಂಡಕ್ಟರ್ ಕುರ್ಚಿಯತ್ತ ಹೆಜ್ಜೆ ಇಟ್ಟ. ಅಷ್ಟರಲ್ಲಿ ಅವಳೇ ಅದರಲ್ಲಿ ಕೂತು ಕಾಲು ಚಾಚಿದಳು.

"ರೀ, ಬೆಳಗ್ಗೆ ನಿಮ್ಮ ಡಬ್ಬಿ, ಅಪ್ಪನ ಬಿಸಿನೀರು. ಸಂಜೆವರೆಗೂ ಹೊಲಿಗೆ ಅಂಗಡೀಲಿ ಮೆಷಿನ್ನು. ಬಂದು ಮತ್ತೆ ಒಲೆ. ನಿಮ್ಮಿಬ್ಬರನ್ನ ದಿನಾ ಮುಂದೆ ಓಡಿಸ್ತಿರೋಳು ನಾನು. ನಂಗೂ ಸುಸ್ತಾಗುತ್ತೆ. ಕಡ್ಡಿ ಮಾಡಿದ್ದನ್ನ ಮಾಡ್ತಿರೋಳಿಗೆ ಕುರ್ಚೀನಾ, ಚಪ್ಪಾಳೆ ತಟ್ಟೋರಿಗಾ?"

ಕಂಡಕ್ಟರನಿಗೆ ನಾಚಿಕೆಯಾಯಿತು. ಕಾಲುನೋವಂತೂ ಹಾಗೇ ಇತ್ತು. ಮಾವ ಅಳಿಯ ಒಲೆಯ ಮುಂದೆ ನಿಂತರು. ಹಾಲಿಗೆ ಉರಿ ಹೆಚ್ಚೋ ಕಡಿಮೆಯೋ ಎಂದು ಇಬ್ಬರೂ ವಾದಿಸುತ್ತಿರುವಾಗಲೇ ಹಾಲು ಉಕ್ಕಿ ಒಲೆ ಆರಿತು.

"ಏನದು ಸದ್ದು?" ಕುರ್ಚಿಯಿಂದ ದನಿ ಬಂತು.

"ಏನಿಲ್ಲಮ್ಮ," ಎಂದರು ಮಾವ, ಬಾಗಿಲಿನತ್ತ ಸರಿಯುತ್ತಾ. "ನಿನ್ನ ಗಂಡ ಔಟು."

"ಪಾಪ, ಅಭ್ಯಾಸ ಸಾಲದು. ಟೂರ್ನಮೆಂಟ್ ಮುಗಿಯೋವರೆಗೂ ಅವರೇ ಆಡ್ಲಿ."