ಷಡ್ಡಕನ ಚಹಾ ಬಟ್ಟಲು

ಹೊಟ್ಟೆಕಿಚ್ಚು ಪಡಬಾರದೆಂದು ಉಪದೇಶ ಮಾಡುವವರಿಗೆ ಷಡ್ಡಕ ಇರಲಿಕ್ಕಿಲ್ಲ. ನನಗಿದ್ದಾನೆ, ಸಂಡೂರಿನಲ್ಲಿ. ನನ್ನ ಹೆಂಡತಿಯ ತಂಗಿಯ ಗಂಡ. ಮ್ಯಾಂಗನೀಸ್ ಅದಿರು ತೊಳೆಯುವ ಕಡೆ ಮೇಸ್ತ್ರಿ. ನಾನಾದರೋ ಮದರಾಸಿನಲ್ಲಿ ಎರಡು ವರ್ಷ ಪಿಂಗಾಣಿ ಕೆಲಸ ಕಲಿತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಚಿತ್ತವಾಡ್ಗಿಯಲ್ಲಿ ಭಟ್ಟಿ ಕಟ್ಟಿ ಕುಳಿತವನು. ನನ್ನ ಬಟ್ಟಲುಗಳು ನೋಡಲು ಚೆನ್ನಾಗಿದ್ದವು. ಚಹಾ ಹಾಕಿದರೆ ಮಾತ್ರ ಸೋರುತ್ತಿದ್ದವು. ಕಂಪ್ಲಿಯ ನಮ್ಮ ಅತ್ತೆ ಮರ್ಯಾದೆಗೆಂದು ಒಂದರಲ್ಲಿ ಕುಂಕುಮ ಇಟ್ಟುಕೊಂಡಿದ್ದರು. ಆ ಮನೆಯಲ್ಲಿ ಒಮ್ಮೆಯಾದರೂ ನನ್ನ ಬಟ್ಟಲಲ್ಲಿ ಚಹಾ ಕುಡಿಯಬೇಕೆಂಬುದೇ ನನ್ನ ಜೀವದ ಆಸೆಯಾಗಿತ್ತು. ಸೌದೆಯ ಬೆಂಕಿಗೆ ಆ ಮಣ್ಣು ಸರಿಯಾಗಿ ಬೆಸೆಯುತ್ತಿರಲಿಲ್ಲ. ಅಕ್ಕಸಾಲಿಗ ಚಿನ್ನ ಬೇಗ ಕರಗಲೆಂದು ಬಿಳಿಗಾರ ಹಾಕುವ ಹಾಗೆ ಮಣ್ಣಿಗೂ ಒಂದು ಪುಡಿ ಬೆರೆಸಬೇಕು. ಅದನ್ನು ನಾನು ಮದರಾಸಿನಿಂದ ರೈಲಿನಲ್ಲಿ ತರಿಸುತ್ತಿದ್ದೆ, ಕೇಳಿದವರಿಗೆ ಹೆಸರನ್ನು ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ. ಆದರೂ ಬಟ್ಟಲು ಸೋರುವುದು ಬಿಡಲಿಲ್ಲ.

ಒಂದು ದಸರೆಗೆ ಕಂಪ್ಲಿಗೆ ಹೋದಾಗ ಅತ್ತೆ ಚಹಾ ತಂದ ಬಟ್ಟಲು ನೇರಳೆ ಹಣ್ಣಿನ ಬಣ್ಣದ್ದು. ಉಗುರಿನಿಂದ ತಟ್ಟಿದೆ, ಟಿಣ್ ಎಂದಿತು. ಷಡ್ಡಕ ಮಾಡಿದ್ದಂತೆ. ಅದಿರು ತೊಳೆದ ಮೇಲೆ ಹೊಂಡದಲ್ಲಿ ಉಳಿಯುವ ಕರಿ ರಾಡಿಯನ್ನು ಒಣಗಿಸಿ, ಪುಡಿಯ ಬದಲು ಅದನ್ನೇ ಮಣ್ಣಿಗೆ ಸೇರಿಸಿ, ಹಿತ್ತಲಿನ ಪುಟ್ಟ ಭಟ್ಟಿಯಲ್ಲಿ ಸುಟ್ಟನಂತೆ. ಯಾರೂ ಮೂಸಿಯೂ ನೋಡದ ರಾಡಿ! ನನ್ನ ಹೊಟ್ಟೆ ಉರಿದುಹೋಯಿತು. ಅವನು ಗುಟ್ಟು ಮುಚ್ಚಿಟ್ಟಿದ್ದರೆ ಬಯ್ದುಕೊಂಡು ಸಮಾಧಾನಪಡಬಹುದಿತ್ತು. ಪುಣ್ಯಾತ್ಮ ನನಗೆಂದೇ ಒಂದು ಚೀಲ ಹೊತ್ತು ತಂದಿದ್ದ.

“ಹತ್ತು ಪಾಲು ಮಣ್ಣಿಗೆ ಒಂದ ಪಾಲು ಹಾಕ್ರಿ ಅಣ್ಣಾರ. ಜಾಸ್ತಿ ಬ್ಯಾಡ,” ಎಂದ.

ಮೇಸ್ತ್ರಿಯ ಮಾತನ್ನು ಸರ್ಟಿಫಿಕೇಟು ಕೇಳುತ್ತದೆಯೇ? ಒಂದು ಪಾಲಿಗೇ ಅವನದು ಅಷ್ಟು ಹೊಳೆದರೆ ಮೂರು ಪಾಲಿಗೆ ನನ್ನದು ಎಷ್ಟು ಹೊಳೆಯಬೇಡ ಎಂದುಕೊಂಡು ಮೂರು ಹಾಕಿದೆ. ಭಟ್ಟಿ ತೆರೆಯುವ ದಿನ ಅತ್ತೆಯನ್ನೂ ಕರೆಸಿದೆ. ಬಾಗಿಲು ತೆಗೆದರೆ ಹನ್ನೆರಡು ಬಟ್ಟಲೂ ಕರಗಿ, ಒಂದರ ಮೇಲೊಂದು ಒರಗಿ, ಬೆಲ್ಲದ ಅಚ್ಚಿನ ಹಾಗೆ ಒಂದೇ ಮುದ್ದೆಯಾಗಿದ್ದವು. ಹೊಳಪೇನೋ ಷಡ್ಡಕನದಕ್ಕಿಂತ ಹೆಚ್ಚೇ ಇತ್ತು, ಸುಳ್ಳು ಹೇಳಬಾರದು.

ಅತ್ತೆ ಅದನ್ನು ಎತ್ತಿ ತೂಗಿ ನೋಡಿದರು. “ಭಾಳ ಗಟ್ಟಿ ಐತ್ರಿ ಅಳಿಯಾರ. ನಮ್ಮ ಪಡಸಾಲಿ ಬಾಗ್ಲ ಗಾಳಿಗೆ ಬಡ್ಕೊಂತೈತಿ, ಕೊಡ್ರಿ,” ಎಂದರು.

ಹೀಗೆ ಕಂಪ್ಲಿಯ ಮನೆಯಲ್ಲಿ ನನ್ನ ಕೈಕೆಲಸಕ್ಕೂ ಜಾಗ ಸಿಕ್ಕಿತು, ಬಾಗಿಲ ಬುಡದಲ್ಲಿ. ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಷಡ್ಡಕನ ಬಟ್ಟಲಲ್ಲಿ ಚಹಾ ಕುಡಿಯುತ್ತೇನೆ. ಯಾರೂ ನೋಡದಾಗ ಬಟ್ಟಲೆತ್ತಿ ತಳಕ್ಕೆ ಬೆರಳು ಸವರುತ್ತೇನೆ. ಇಷ್ಟು ವರ್ಷವಾಯಿತು, ಒಂದು ಹನಿಯಾದರೂ ಸೋರಬಾರದೇ?