ಸೀರೆ ಹೊದ್ದ ಸಾಕ್ಷಿ

ಸಾಕ್ಷಿ ಹೇಳುವುದರಲ್ಲಿ ಏನು ಮಹಾ ಇದೆ? ಕಂಡದ್ದನ್ನು ಕಂಡಂತೆ ಹೇಳಿದರಾಯಿತು. ಹೇಳಿ ಕೇಳಿ ನಾನು ಎಂ.ಕಾಂ. ಮಾಡಿದವನು. ಮೇಲಾಗಿ ಇಳಕಲ್ಲಿನ ದೊಡ್ಡ ಸೀರೆ ಅಂಗಡಿಯೊಂದರ ಫ್ಲೋರ್ ಮ್ಯಾನೇಜರ್!

ಆ ಪದವಿಯ ಬಗ್ಗೆ ಒಂದು ಮಾತು. ನಮ್ಮ ಅಂಗಡಿಯಲ್ಲಿ ಎಲ್ಲರೂ ಮ್ಯಾನೇಜರುಗಳೇ. ಸೀರೆ ಬಿಚ್ಚಿ ತೋರಿಸುವ ನಾನು ಫ್ಲೋರ್ ಮ್ಯಾನೇಜರ್. ಗಂಟು ಹೊರುವವನು ಸ್ಟಾಕ್ ಮ್ಯಾನೇಜರ್. ಕಸ ಗುಡಿಸುವ ಮಲ್ಲವ್ವ ಕ್ಲೀನಿಂಗ್ ಮ್ಯಾನೇಜರ್! ಮದುವೆ ಸೀಜನ್ನಿನಲ್ಲಿ ಹೊತ್ತು ಮೀರಿ ದುಡಿದು ಓವರ್‌ಟೈಮ್ ಕೇಳಿದರೆ ಅಂಗಡಿಯ ಸಾವಕಾರರು ಅಕ್ಕರೆಯಿಂದ, "ಮ್ಯಾನೇಜರಗ ಎಲ್ಲೀ ಓವರ್‌ಟೈಮ್ ಲೇ?" ಎನ್ನುತ್ತಿದ್ದರು. ನಾವು ಗೌರವದಿಂದಲೇ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಶಾಂತಾಳ ಹೊಟ್ಟೆ ಮಾತ್ರ ತುಂಬಲಿಲ್ಲ. ಪಕ್ಕದ ಕೌಂಟರಿನಲ್ಲಿ ನನ್ನದೇ ಕೆಲಸ ಮಾಡುವ ಆಕೆಗೆ ಸಂಬಳ ನನಗಿಂತ ಕಡಿಮೆ. ಗಂಡಸರಿಗೆ ಯೂನಿಫಾರ್ಮ್ ಅಂಗಿ ಪುಕ್ಕಟೆ, ಹೆಂಗಸರ ಯೂನಿಫಾರ್ಮ್ ಸೀರೆಗೆ ಸಂಬಳದಲ್ಲಿ ಕಡಿತ. ಆಕೆ ಬಾಗಲಕೋಟೆಗೆ ಹೋಗಿ, ಓವರ್‌ಟೈಮನ್ನೂ ಸೇರಿಸಿ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಳು. ಸಾವಕಾರರು ಆಕೆಯನ್ನು ಕೆಲಸದಿಂದಲೇ ಬಿಡಿಸಿದರು.

"ಅಣ್ಣಾರ, ನಾವು ಮ್ಯಾನೇಜರ್ ಅಲ್ಲ, ಸೀರಿ ಮಾರೋ ಮಂದಿ ಅಂತ ಒಂದ ಮಾತು ಹೇಳ್ರಿ. ಬ್ಯಾರೆ ಯಾರೂ ಬರವಲ್ರು," ಎಂದಳು.

"ಹೇಳೇ ಬಿಡ್ತೇನಿ!" ಎಂದೆ.

ಮನೆಯಲ್ಲಿ ಹೆಂಡತಿ ಸುನಂದಾ ನಕ್ಕಳು. "ಸಾವಕಾರ್ರಿಗೆ ರಜಾ ಕೇಳಾಕೂ ನನ್ನ ಕಡಿಂದ ಫೋನ್ ಮಾಡಸ್ತೀರಿ. ನೀವು ಸಾಕ್ಷಿ ಹೇಳ್ತೀರೇನ್ರಿ?"

ಉತ್ತರಿಸುವುದು ಮ್ಯಾನೇಜರನ ಘನತೆಗೆ ತಕ್ಕದ್ದಲ್ಲವೆಂದು ಊಟಕ್ಕೆ ಕುಳಿತೆ.

ವಿಚಾರಣೆಯ ದಿನ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಕಾರೊಂದು ನಿಂತಿತು. ಒಳಗೆ ಸಾವಕಾರರು!

"ಎಲ್ಲಿಗಲೇ?"

"ಬಾಗಲಕೋಟಿಗ್ರಿ."

"ನಾನೂ ಅಲ್ಲಿಗೇ ಹೊಂಟೇನಿ. ಹತ್ತು."

ಹತ್ತಿದೆ! ಅವರು ಹೇಳಿದ್ದನ್ನು ಮಾಡುವಾಗ ನನ್ನ ಕಾಲುಗಳು ನನ್ನನ್ನು ಕೇಳುವುದಿಲ್ಲ. ಹುನಗುಂದ ದಾಟಿದ ಮೇಲೆ ಅವರು ಕಾರಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಮಗಳ ಸಾಲಿ ಹೆಂಗ ನಡದೈತಿ?" ಎಂದರು. ಅಷ್ಟೇ. ಆ ಎರಡು ಕಣ್ಣು ಈಗಲೂ ನಾನು ಹಲ್ಲುಜ್ಜುವಾಗ ಕನ್ನಡಿಯಲ್ಲಿ ಬಂದು ನಿಲ್ಲುತ್ತವೆ.

ಕಚೇರಿಯ ಮುಂದೆ ಇಳಿದಾಗ ಶಾಂತಾ ನಿಂತಿದ್ದಳು. ಕಾರನ್ನು ನೋಡಿದಳು. ನನ್ನನ್ನು ನೋಡಿದಳು.

"ಚಲೋ ಆತ್ರಿ ಅಣ್ಣಾರ. ಬಸ್ ಚಾರ್ಜ್ ಉಳೀತು."

ಅಧಿಕಾರಿ ಹೆಂಗಸು. "ನಿಮ್ಮ ಕೆಲಸ ಏನು?" ಎಂದು ಕೇಳಿದರು. ನಾನು ಸಾವಕಾರರತ್ತ ನೋಡಿದೆ. ಸಾವಕಾರರ ವಕೀಲರು ಎದ್ದು, "ಇವರು ಮ್ಯಾನೇಜರ್ ರಿ ಮೇಡಂ. ಸೀರಿ ಮುಟ್ಟೂದೂ ಇಲ್ಲ, ಬರೇ ಉಸ್ತುವಾರಿ," ಎಂದರು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ತಲೆಗೇ ಗೊತ್ತಿರಲಿಲ್ಲ. ಶಾಂತಾ ನೆಲ ನೋಡಿದಳು.

ಆಮೇಲೆ ತನ್ನ ಸರದಿಯಲ್ಲಿ ಆಕೆ ಚೀಲದಿಂದ ಯೂನಿಫಾರ್ಮ್ ಸೀರೆ ತೆಗೆದು ಮೇಜಿನ ಮೇಲಿಟ್ಟಳು. ಮೇಡಂ ಸೆರಗನ್ನು ಬೆರಳಿನಿಂದ ಸವರಿ, "ಇದು ಇಳಕಲ್ ಸೀರೆಯೇನು?" ಎಂದರು.

ಸೆರಗು ಸವರುವ ಬೆರಳು ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಎದ್ದೆ. ಸೀರೆ ಝಾಡಿಸಿದೆ. ಸೊಂಟಕ್ಕೆ ನೆರಿಗೆ ಹಿಡಿದು, ಸೆರಗನ್ನು ಹೆಗಲ ಮೇಲೆ ಹೊದ್ದು ನಿಂತೇಬಿಟ್ಟೆ!

"ಪಕ್ಕಾ ಇಳಕಲ್ ರಿ ಮೇಡಂ! ತೊಳದ್ರ ಬಣ್ಣ ಹೋಗಂಗಿಲ್ಲ. ನಿಮಗ ಭಾಳ ಒಪ್ಪತೈತಿ ನೋಡ್ರಿ. ಬ್ಯಾರೆ ಬಣ್ಣ ತೋರಸ್ಲೇನ್ರಿ?"

"ಬಿಡಲೇ ಅದನ್ನ!" ಸಾವಕಾರರು ಗುಡುಗಿದರು.

ಬಿಟ್ಟೆ. ಆದರೆ ಅಚ್ಚುಕಟ್ಟಾಗಿ ಮಡಚಿಯೇ ಬಿಟ್ಟೆ.

ಮೇಡಂ ವಕೀಲರತ್ತ ತಿರುಗಿದರು. "ಸೀರೆ ಮುಟ್ಟುವುದೂ ಇಲ್ಲ ಅಂದಿರಲ್ಲ?"

ಹೊರಗೆ ಬಂದವನು ಸೀದಾ ಹೋಗಿ ಸಾವಕಾರರ ಕಾರಿನಲ್ಲಿ ಕುಳಿತೆ.

"ಇಳಿ," ಎಂದರು.

ಇಳಿದೆ. ಬಸ್ಸಿನಲ್ಲಿ ಶಾಂತಾ ಹುನಗುಂದದವರೆಗೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕೊನೆಗೆ ಆಕೆಗೆ ಕೆಲಸವೂ ಸಿಕ್ಕಿತು, ಓವರ್‌ಟೈಮ್ ಬಾಕಿಯೂ ಸಿಕ್ಕಿತು, ಸಮ ಸಂಬಳವೂ ಸಿಕ್ಕಿತು. ಸಾವಕಾರರು ತಮ್ಮ ಕಡೆಯಿಂದಲೂ ಸಮಾನತೆ ಜಾರಿಗೆ ತಂದರು: ಈಗ ಗಂಡಸರ ಅಂಗಿಗೂ ಕಡಿತ!

ನಮ್ಮ ಮನೆಯ ಬಾಗಿಲಿಗೆ ನಾನು ಹೊಡೆದಿದ್ದ 'ಫ್ಲೋರ್ ಮ್ಯಾನೇಜರ್' ಫಲಕವನ್ನು ಸುನಂದಾ ಕಿತ್ತು ನೀರಿನ ಕೊಡಕ್ಕೆ ಮುಚ್ಚಳ ಮಾಡಿದ್ದಾಳೆ. ನಾನು ಮ್ಯಾನೇಜರ್ ಅಲ್ಲವೆಂದು ತೀರ್ಮಾನಿಸಲು ಸರ್ಕಾರಕ್ಕೆ ವಿಚಾರಣೆ ಬೇಕಾಯಿತು. ಸುನಂದಾಳಿಗೆ ಬೇಕಾಗಿರಲಿಲ್ಲ.